ಡಿಕ್ಕಿಯ ಪೆಟ್ಟಿಗೆಗೊಂದು ತೂತು

ಸಲಹೆ ಕೇಳುವುದರಲ್ಲಿ ನನ್ನಷ್ಟು ವಿನಯವಂತ ಇಡೀ ಮರಳೂರು ಬಡಾವಣೆಯಲ್ಲಿ ಇನ್ನೊಬ್ಬನಿಲ್ಲ. ಆ ಸಲಹೆಯಂತೆ ನಡೆಯುವ ಮಾತು ಬಂದಾಗ ಮಾತ್ರ ಸ್ವಲ್ಪ ತೊಡಕಾಗುತ್ತದೆ. ಅಂಗಡಿಯಲ್ಲಿ ಯಾವ ಅಕ್ಕಿ ಒಳ್ಳೆಯದು ಎಂದು ಕೇಳುತ್ತೇನೆ. ಅವನು ಎಡಗಡೆಯ ಮೂಟೆ ತೋರಿಸಿದರೆ, ಇವನಿಗೆ ಅದನ್ನು ಖಾಲಿ ಮಾಡಬೇಕಾಗಿದೆ ಎಂದು ಊಹಿಸಿ ಬಲಗಡೆಯದನ್ನು ತರುತ್ತೇನೆ. ಅನ್ನ ಮುದ್ದೆಯಾದರೆ ನೀರು ಹೆಚ್ಚಾಯಿತು ಎಂದು ಹೆಂಡತಿಗೆ ಹೇಳುತ್ತೇನೆ. ಹೋದ ವರ್ಷ ದರ್ಜಿ, “ಸಾರ್, ಸೊಂಟ ಒಂದಿಂಚು ಜಾಸ್ತಿ ಇಡ್ಲಾ?” ಎಂದು ಮೆಲ್ಲಗೆ ಕೇಳಿದ. ಬೇಡ ಎಂದೆ. ಆ ಪ್ಯಾಂಟು ಹಾಕಿಕೊಂಡು ಒಂದು ಮದುವೆಯ ಪಂಕ್ತಿಯಲ್ಲಿ ಕೂತವನು ಪಾಯಸ ಬರುವ ಮೊದಲೇ ಎದ್ದು, ಅಂಗಿಯನ್ನು ಹೊರಗೆಳೆದುಕೊಂಡು ಮನೆಗೆ ಬರಬೇಕಾಯಿತು. “ನಿಮಗೆ ಬೇಕಾಗಿರೋದು ಸಲಹೆ ಅಲ್ಲ ಕಣ್ರೀ, ಒಪ್ಪಿಗೆ” ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜ. ಈ ಮಾತನ್ನೂ ನಾನು ಒಪ್ಪಿಲ್ಲ.

ಇದಕ್ಕೆ ನನ್ನ ಉದ್ಯೋಗವೂ ಕಾರಣವಿರಬಹುದು. ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಎದುರಿಗೆ ಕೂತವರೆಲ್ಲ ತಲೆಯಾಡಿಸುವುದನ್ನೇ ಇಪ್ಪತ್ತಾರು ವರ್ಷ ನೋಡಿದವನಿಗೆ, ತಲೆಯಾಡಿಸದವರು ಸಿಕ್ಕರೆ ಅವರಿಗೆ ಪಾಠ ಅರ್ಥವಾಗಿಲ್ಲವೆಂದೇ ಅನ್ನಿಸುತ್ತದೆ. ಅದರಲ್ಲೂ ಶಬ್ದದ ಅಧ್ಯಾಯವೆಂದರೆ ನನಗೆ ಪ್ರಾಣ. ಖಾಲಿ ಬಾಟಲಿಯ ಬಾಯಿಗೆ ಊದಿ, ಅದು ಬೊಂ ಎನ್ನುವುದು ಏಕೆಂದು ವಿವರಿಸತೊಡಗಿದರೆ ಗಂಟೆ ಹೊಡೆದದ್ದೂ ಗೊತ್ತಾಗುವುದಿಲ್ಲ. ಮಕ್ಕಳಿಗೆ ಗೊತ್ತಾಗುತ್ತದೆ. ಇಂಥವನು ತನ್ನ ಕಾರಿಗೆ ಸಬ್‌ವೂಫರ್ ಹಾಕಿಸಲು ಹೊರಟಾಗ, ಅದಕ್ಕೆ ಎಂಥ ಪೆಟ್ಟಿಗೆ ಬೇಕೆಂದು ಬೇರೆಯವರು ಹೇಳುವುದೆಂದರೇನು?

ಸಬ್‌ವೂಫರ್ ಎಂದರೆ ಹಾಡಿನ ತಳದಲ್ಲಿರುವ ದಪ್ಪ ದನಿಯನ್ನು ಮಾತ್ರ ಹೊರಡಿಸುವ ದೊಡ್ಡ ಸ್ಪೀಕರು. ಕಾರಿನಲ್ಲಿ ಅದನ್ನು ಒಂದು ಮರದ ಪೆಟ್ಟಿಗೆಯೊಳಗೆ ಕೂರಿಸಿ ಡಿಕ್ಕಿಯಲ್ಲಿ ಇಡುತ್ತಾರೆ. ಚಿಕ್ಕಂದಿನಲ್ಲಿ ಮದುವೆ ಮನೆಯಲ್ಲಿ ಡೋಲಿನವನ ಪಕ್ಕದಲ್ಲೇ ನಿಂತು, ಪೆಟ್ಟು ಎದೆಗೆ ಬಂದು ಬಡಿಯುವ ಸುಖವನ್ನು ಉಂಡವನು ನಾನು. ಹಾಗಾಗಿ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟರ ಕಾರಿನಲ್ಲಿ ಒಂದು ದಿನ ಕೂತು, ಹಾಡು ಬೆನ್ನಿಗೆ ಬಂದು ಗುದ್ದಿದಾಗ, ನನ್ನ ಕಾರಿನ ಹಾಡು ಡಬ್ಬದಲ್ಲಿ ಹುರುಳಿಕಾಳು ಅಲ್ಲಾಡಿಸಿದ ಹಾಗಿದೆ ಎಂಬುದು ಮನವರಿಕೆಯಾಯಿತು. ರಸಾಯನಶಾಸ್ತ್ರದವರ ಕಾರಿನಲ್ಲಿ ಅಂಥ ಶಬ್ದ, ಶಬ್ದವನ್ನೇ ಪಾಠ ಮಾಡುವವನ ಕಾರಿನಲ್ಲಿ ಹುರುಳಿಕಾಳು! ಆ ವಾರವೇ ನಮ್ಮೂರಂಚಿನ ಸತ್ಯಮಂಗಲದ ಕಡೆ ಇರುವ ಮಂಜುನಾಥನ ಅಂಗಡಿಗೆ ಹೋದೆ.

ಮಂಜುನಾಥ ನನ್ನ ಹಳೆಯ ವಿದ್ಯಾರ್ಥಿ. ಎಲ್ಲ ವಿಷಯಗಳಲ್ಲೂ ಒಂದೇ ಸಲಕ್ಕೆ ಪಾಸಾಗಿ, ನನ್ನ ವಿಷಯಕ್ಕೆ ಮಾತ್ರ ಮೂರು ಸಲ ಕೂತವನು. ಈಗ ಕಾರುಗಳಿಗೆ ಸೌಂಡ್ ಸಿಸ್ಟಮ್ ಹಾಕುವುದರಲ್ಲಿ ಊರಿಗೆಲ್ಲ ಬೇಕಾದವನಾಗಿದ್ದಾನೆ. ನನ್ನನ್ನು ಕಂಡವನೇ ಕೈಯಲ್ಲಿದ್ದ ವೈರು ಕೆಳಗಿಟ್ಟು, ಕುರ್ಚಿ ಒರೆಸಿ ಕೂರಿಸಿದ. ನಾನು ಪದ್ಧತಿಯಂತೆ ಸಲಹೆ ಕೇಳಿದೆ. “ಸಾರ್, ಪೆಟ್ಟಿಗೇಲಿ ಎರಡು ಥರ. ಒಂದು ಎಲ್ಲಾ ಕಡೆ ಮುಚ್ಚಿರೋದು. ಇನ್ನೊಂದಕ್ಕೆ ಒಂದು ತೂತು ಮಾಡಿ, ಒಳಗಡೆ ಪೈಪ್ ಕೂರ್ಸಿರ್ತೀವಿ, ಗಾಳಿ ಆಡೋಕೆ. ತೂತಿಂದ್ರಲ್ಲಿ ಸೌಂಡ್ ಜೋರು, ಮುಚ್ಚಿರೋದ್ರಲ್ಲಿ ನೀಟು. ನಿಮ್ಗೆ ಮುಚ್ಚಿರೋದೇ ಸರಿ ಹೋಗ್ತದೆ ಸಾರ್” ಎಂದ.

ನನಗೆ ನಗು ಬಂತು. ಇವನು ಮೂರು ಸಲ ಕೂತದ್ದು ಇದೇ ಅಧ್ಯಾಯಕ್ಕೆ. ಬಾಟಲಿಗೆ ಬಾಯಿ ಇರುವುದರಿಂದಲೇ ಅದು ಬೊಂ ಎನ್ನುತ್ತದೆ. ಬಾಯಿ ಮುಚ್ಚಿದ ಬಾಟಲಿಯನ್ನು ಊದಿ ಯಾರಾದರೂ ತೋರಿಸಲಿ ನೋಡೋಣ. ಅಲ್ಲೇ ಒಂದು ರಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿ, ಪೆಟ್ಟಿಗೆ ಇಷ್ಟು ಅಗಲ ಇಷ್ಟು ಎತ್ತರ, ತೂತು ನಾಲ್ಕಿಂಚು, ಪೈಪು ಸುಮಾರು ಒಂದು ಮೊಳ ಎಂದು ಚಿತ್ರ ಬರೆದುಕೊಟ್ಟೆ. ಅವನು ಚಿತ್ರ ನೋಡಿದ. “ಲೆಕ್ಕ ಕರೆಕ್ಟಾಗೈತೆ ಸಾರ್” ಎಂದ. ಆಮೇಲೆ ತಲೆ ಕೆರೆದುಕೊಳ್ಳುತ್ತ, “ಇನ್ನೊಂದ್ ಮಾತು ಸಾರ್, ನಮ್ ಕಡೆ ಜನ ತೂತಿನ ಬಾಕ್ಸ್ ಕಂಡ್ರೆ…” ಎಂದು ಶುರು ಮಾಡಿದ. “ಮಂಜು, ರೆಸೊನೆನ್ಸ್ ಅಂದ್ರೆ ಏನೋ?” ಎಂದು ಕೇಳಿದೆ. ಪಾಪ, ಹದಿನೈದು ವರ್ಷದ ಹಿಂದೆ ಮುಖ ಹೇಗಾಗಿತ್ತೋ ಹಾಗೇ ಆಯಿತು. ಮಾತು ಅಲ್ಲಿಗೇ ನಿಂತಿತು.

ಪೆಟ್ಟಿಗೆ ಬಂತು. ಕಪ್ಪು ಬಟ್ಟೆ ಹೊದಿಸಿಕೊಂಡು, ಡಿಕ್ಕಿಯ ಮುಕ್ಕಾಲು ಭಾಗ ತುಂಬಿಕೊಂಡು, ದುಂಡನೆಯ ಬಾಯಿ ತೆರೆದುಕೊಂಡು ಕೂತಿತು. ಹಾಡು ಹಾಕಿದರೆ ಕನ್ನಡಿ ನಡುಗಿತು, ನಂಬರ್ ಪ್ಲೇಟು ಜೊತೆಗೆ ತಾಳ ಹಾಕಿತು. ಸ್ವಲ್ಪ ಹೆಚ್ಚಾಗಿಯೇ ಗುಂಯ್‌ಗುಡುತ್ತಿತ್ತು ಎಂಬುದು ನಿಜ. ಆದರೆ ಅದನ್ನು ಹೇಳಲು ಅವಸರವೇನಿತ್ತು? “ಹೊಟ್ಟೆ ತೊಳಸಿದಂಗಾಗುತ್ತೆ ಕಣ್ರೀ” ಎಂದಳು ಗಿರಿಜ. ಹೊಸ ಚಪ್ಪಲಿಯ ಹಾಗೆ ಹೊಸ ಸ್ಪೀಕರೂ ಪಳಗಬೇಕು ಎಂದೆ. “ಅದಿರಲಿ, ಇನ್ಮೇಲೆ ಗುಬ್ಬಿಗೆ, ನಿಮ್ಮ ದೊಡ್ಡಮ್ಮನ ಮನೆಗೆ ಹೋದ್ರೆ ಕಾಯಿ ಎಲ್ಲಿ ಹಾಕ್ಕೊಂಡ್ ಬರ್ತೀರಿ?” ಎಂದಳು. ನಾನು ಹಾಡಿನ ದನಿಯನ್ನು ಇನ್ನೊಂದಿಷ್ಟು ಏರಿಸಿದೆ.

ತುಮಕೂರು ಸೀಮೆಯ ಹೊರಗಿನವರಿಗೆ ಈ ಪ್ರಶ್ನೆಯ ತೂಕ ತಿಳಿಯಲಾರದು. ನಮ್ಮ ಕಡೆ ಕಾರಿನ ಮುಂಭಾಗ ಕಾರಿನವನದು, ಡಿಕ್ಕಿ ನೆಂಟರದು. ಯಾರ ಮನೆಗೆ ಹೋದರೂ, ನಾವು ಒಳಗೆ ಕಾಫಿ ಕುಡಿಯುತ್ತಿರುವಾಗಲೇ ಹೊರಗೆ ಡಿಕ್ಕಿ ತುಂಬಿರುತ್ತದೆ: ತೆಂಗಿನಕಾಯಿ, ಎಳನೀರು, ಹಲಸಿನಹಣ್ಣು, ಕಾಲ ಬಂದರೆ ಅವರೆಕಾಯಿ. ನೆಂಟರನ್ನು ಬರಿ ಡಿಕ್ಕಿಯಲ್ಲಿ ಕಳಿಸಿದರು ಎಂಬ ಮಾತು ಒಂದು ಸಲ ಹುಟ್ಟಿತೋ, ಆ ಮನೆಯವರು ನಾಲ್ಕು ಜನರ ಮುಂದೆ ತಲೆಯೆತ್ತುವಂತಿಲ್ಲ. ಇದರ ಜೊತೆಗೇ ಇನ್ನೊಂದು ಕಟ್ಟಳೆಯೂ ಇದೆ. ಕೊಟ್ಟವರು “ತಲುಪಿತೇ?” ಎಂದು ಕೇಳಬಾರದು, ಹಂಗಿಸಿದ ಹಾಗಾಗುತ್ತದೆ. ತೆಗೆದುಕೊಳ್ಳುವವರು “ಏನು ಕಳಿಸಿದಿರಿ?” ಎಂದು ಕೇಳಬಾರದು, ಬೇಡಿದ ಹಾಗಾಗುತ್ತದೆ. ತಲುಪಿದ ಮೇಲೆ ಪಡೆದವರೇ ಒಂದು ಮಾತು ಹೇಳಬೇಕು, ಅಷ್ಟೇ.

ಆ ಭಾನುವಾರ ನಾನೊಬ್ಬನೇ ಗುಬ್ಬಿಗೆ, ದೊಡ್ಡಮ್ಮನ ಮನೆಗೆ ಹೋದೆ. ನಮ್ಮ ಅಮ್ಮ ತೀರಿಕೊಂಡಾಗ ನನ್ನನ್ನೂ ಜಯಕ್ಕನನ್ನೂ ಸಾಕಿದವಳು ಈ ದೊಡ್ಡಮ್ಮ. ಅಕ್ಕನನ್ನು ಕುಣಿಗಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದೂ ಅವಳೇ. ಅಕ್ಕನಿಗೆ ತವರು ಎಂದರೆ ಆ ಮನೆ ಒಂದೇ. ಮೂರು ವಾರಕ್ಕೆ ಅಕ್ಕನ ಮಗಳ ನಿಶ್ಚಿತಾರ್ಥವಿತ್ತು. ದೊಡ್ಡಮ್ಮ ಅದರ ಸಡಗರದಲ್ಲಿದ್ದಳು. ಅವಳ ಮಗ ಕಾಯಿ ಮೂಟೆ ಹೊತ್ತು ಕಾರಿನ ಹತ್ತಿರ ಬಂದಾಗ ನಾನು ಅಡ್ಡ ನಿಂತು, “ಬೇಡ, ಬೇಡ! ಪೆಟ್ಟಿಗೆ ಮೇಲೆ, ಪಕ್ಕ, ಏನೂ ಇಡಂಗಿಲ್ಲ. ಗೀರು ಬೀಳುತ್ತೆ” ಎಂದೆ. ದೊಡ್ಡಮ್ಮ ಪೆಟ್ಟಿಗೆಯನ್ನು ಒಂದು ಸುತ್ತು ನೋಡಿ, “ಮೇಲೂ ಬ್ಯಾಡ, ಪಕ್ಕನೂ ಬ್ಯಾಡ. ಸರಿ ಬುಡಪ್ಪ” ಎಂದಳು. ನಾನು ಕೈ ತೊಳೆದು ಊಟಕ್ಕೆ ಕೂತೆ.

ಹೊರಡುವಾಗ ಎಲ್ಲರಿಗೂ ಒಮ್ಮೆ ಕೇಳಿಸೋಣವೆಂದು ಹಾಡನ್ನು ಜೋರಾಗಿ ಹಾಕಿದೆ. ಅಂಗಳದ ಕೋಳಿಗಳು ಬೇಲಿ ಹಾರಿದವು. ದೊಡ್ಡಮ್ಮ ಕಿಟಕಿಯ ಹತ್ತಿರ ಬಗ್ಗಿ, ಹಿಂದಕ್ಕೆ ಕೈ ತೋರಿಸುತ್ತ ಏನೇನೋ ಹೇಳಿದಳು. ಒಂದಕ್ಷರವೂ ಕೇಳಿಸಲಿಲ್ಲ. ಎಪ್ಪತ್ತೆಂಟರ ಮುದುಕಿ ಕೂಡ ಹೀಗೆ ಕೈ ಎತ್ತಿ ಮೆಚ್ಚುವಂಥ ಶಬ್ದ ಎಂದುಕೊಂಡು, ಅಭಿಮಾನದಿಂದ ಮೂರು ಸಲ ತಲೆಯಾಡಿಸಿ ಗೇರು ಹಾಕಿದೆ.

ದಾರಿಯಲ್ಲೇ ಒಂದು ಪವಾಡ ನಡೆಯಿತು. ಗುಂಯ್‌ಗುಡುವಿಕೆ ಮಾಯವಾಗಿ, ಪ್ರತಿ ಪೆಟ್ಟೂ ಅಳತೆ ಹಿಡಿದು ಕತ್ತರಿಸಿದ ಹಾಗೆ ಬರತೊಡಗಿತು. ಸ್ಪೀಕರು ಪಳಗಿತು! ಮನೆಗೆ ಬಂದು ಗಿರಿಜಳನ್ನು ಕೂರಿಸಿ ಒಂದು ಸುತ್ತು ಕರೆದುಕೊಂಡು ಹೋದೆ. ಅವಳೂ “ಪರವಾಗಿಲ್ಲ, ಈಗ ಹೊಟ್ಟೆ ತೊಳಸಲ್ಲ” ಎಂದಳು. ನಮ್ಮ ಮನೆಯಲ್ಲಿ ಇದು ಬಿರುದು ಕೊಟ್ಟು ಶಾಲು ಹೊದಿಸಿದ್ದಕ್ಕೆ ಸಮ. ಮರುದಿನ ಸ್ಟಾಫ್ ರೂಮಿನಲ್ಲಿ ತೂತಿನ ಮಹಿಮೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ರಸಾಯನಶಾಸ್ತ್ರದ ಮೇಷ್ಟರು ಮಧ್ಯದಲ್ಲೇ ಎದ್ದು, ಇಲ್ಲದ ಕ್ಲಾಸಿಗೆ ಹೋದರು.

ಮುಂದಿನ ಭಾನುವಾರ ಗಿರಿಜಳೂ ನಾನೂ ಕುಣಿಗಲ್ಲಿಗೆ, ಅಕ್ಕನ ಮನೆಗೆ ಹೋದೆವು. ಅಕ್ಕ ಬಾಗಿಲಿಗೇ ಬಂದಳು. ನಾನು ಪೆಟ್ಟಿಗೆ ತೋರಿಸಲೆಂದು ಡಿಕ್ಕಿ ತೆರೆದೆ. ಅವಳು ಪೆಟ್ಟಿಗೆಯ ಆ ಕಡೆ ಈ ಕಡೆ ಹಣಕಿ ನೋಡಿದಳು. “ಗುಬ್ಬಿಗೆ ಹೋಗಿದ್ದಂತೆ?” ಎಂದಳು. ಹೂಂ ಎಂದೆ. “ದೊಡ್ಡಮ್ಮ ಏನಂದ್ಲು?” ಏನೂ ಅನ್ನಲಿಲ್ಲ, ಸೌಂಡ್ ಬಹಳ ಮೆಚ್ಚಿಕೊಂಡಳು ಎಂದೆ. ಅಕ್ಕ ಸರಕ್ಕನೆ ಒಳಗೆ ಹೋದಳು. ವಾಪಸು ಬರುವಾಗ ಗಿರಿಜ, “ಅತ್ತಿಗೆ ಕಣ್ಣು ಕೆಂಪಗಿತ್ತು” ಎಂದಳು. ಈರುಳ್ಳಿ ಹೆಚ್ಚುತ್ತಿದ್ದಳಲ್ಲ ಎಂದೆ. “ಇವತ್ತು ಒಗ್ಗರಣೇಲಿ ಈರುಳ್ಳೀನೇ ಇರ್ಲಿಲ್ಲ. ನಿಶ್ಚಿತಾರ್ಥ ಹತ್ರ ಬಂತು, ತವರಿಂದ ಕೊಬ್ಬರಿ ಬರಲಿಲ್ಲ ಅಂತ ಅವರಿಗೆ ಸಂಕಟ. ಅಷ್ಟೂ ಗೊತ್ತಾಗಲ್ವಾ ನಿಮಗೆ?” ಎಂದಳು.

ಆಗ ನೆನಪಾಯಿತು. ನಮ್ಮ ಮನೆತನದಲ್ಲಿ ಹೆಣ್ಣುಮಗಳ ಶುಭಕಾರ್ಯವೆಂದರೆ, ಅವಳ ತಾಯಿಯ ತವರಿಂದ ಐದು ಕೊಬ್ಬರಿ ಗಿಟುಕು, ಒಂದು ರವಿಕೆ ಕಣ, ಅರಿಶಿನ ಕುಂಕುಮ ಬಂದು ದೇವರ ಮುಂದೆ ಕೂರಬೇಕು. ಉಳಿದದ್ದೆಲ್ಲ ಆಮೇಲೆ. ಅಮ್ಮನಿಲ್ಲದ ಅಕ್ಕನಿಗೆ ಅದು ಐದು ಗಿಟುಕಿನ ಮಾತಲ್ಲ. ತನಗೊಂದು ತವರಿದೆ ಎಂದು ಬೀಗರ ಮುಂದೆ ಹೇಳಿಕೊಳ್ಳುವ ಧೈರ್ಯ ಅದು. ದೊಡ್ಡಮ್ಮ ಮರೆತಿರಬೇಕು, ವಯಸ್ಸಾಯಿತಲ್ಲ ಎಂದುಕೊಂಡೆ. ಕಟ್ಟಳೆಯ ಪ್ರಕಾರ ಕೇಳುವ ಹಾಗಿಲ್ಲ. ಆದರೆ ಇಪ್ಪತ್ತಾರು ವರ್ಷ ಪಾಠ ಮಾಡಿದ ನಾಲಿಗೆಗೆ ಸುತ್ತಿ ಬಳಸಿ ಕೇಳುವುದು ಬರದೇ? ಫೋನ್ ಮಾಡಿ, “ಅಕ್ಕ ಒಂಥರಾ ಬೇಜಾರಲ್ಲಿದಾಳೆ, ನೀನೇ ಒಂದ್ಮಾತು ಮಾತಾಡು ದೊಡ್ಡಮ್ಮ” ಎಂದೆ. “ನಾನು ಮಾಡೋದ ಮಾಡಿವ್ನಿ ಕಣಪ್ಪ. ಮಿಕ್ಕಿದ್ದು ಅವ್ಳಿಗೆ ಬುಟ್ಟಿದ್ದು. ನಂಗೆ ಮಂಡಿ ನೋವು, ಕುಣಿಗಲ್ಲಿಗೆ ಬರಾಕಾಗಲ್ಲ” ಎಂದಳು. ಮುಪ್ಪಿನಲ್ಲಿ ವೇದಾಂತ ಬರುವುದು ಸಹಜ ಎಂದುಕೊಂಡು, ಮಂಡಿ ನೋವಿನ ಸಮಾಚಾರವನ್ನು ಅಕ್ಕನಿಗೆ ಮುಟ್ಟಿಸಿದೆ. “ಗೊತ್ತಾಯ್ತು ಬಿಡು. ಹೆತ್ತ ಮಗಳಾಗಿದ್ರೆ ನೋವು ಬರ್ತಿರ್ಲಿಲ್ಲ” ಎಂದು ಅಕ್ಕ ಫೋನಿಟ್ಟಳು. ದಿನಾ ಸಂಜೆ ಅರ್ಧ ಗಂಟೆ ಫೋನಿನಲ್ಲಿ ಸಾರಿನಿಂದ ಹಿಡಿದು ಸೀರೆಯವರೆಗೆ ಮಾತಾಡುತ್ತಿದ್ದ ಇಬ್ಬರೂ ಮಾತು ಬಿಟ್ಟರು. ನಾನು ಇಬ್ಬರಿಗೂ ಹೊಂದಾಣಿಕೆಯ ಬಗ್ಗೆ ಬೇರೆ ಬೇರೆಯಾಗಿ ಉಪದೇಶ ಮಾಡಿದೆ. ಬೆಂಕಿ ಚೆನ್ನಾಗಿ ಹತ್ತಿಕೊಂಡಿತು.

ನಿಶ್ಚಿತಾರ್ಥಕ್ಕೆ ಎರಡು ದಿನ ಇರುವಾಗ, ಶುಕ್ರವಾರ ಕಾಲೇಜು ಮುಗಿಸಿಕೊಂಡು ಮಂಜುನಾಥನ ಅಂಗಡಿಗೆ ಹೋದೆ. ಕೆಲಸವೇನೂ ಇರಲಿಲ್ಲ. ತೂತಿನ ಪೆಟ್ಟಿಗೆ ಎಷ್ಟು ಚೆನ್ನಾಗಿ ಪಳಗಿದೆ ಎಂದು ಅವನ ಕಿವಿಗೆ ಹಾಕಿ, ಬೇಕಾದರೆ ಬೆನ್ನು ತಟ್ಟಿ ಬರೋಣವೆಂದು ಹೋದದ್ದು. ಅವನು ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳಿದ. “ಸಾರ್, ತಪ್ಪು ತಿಳ್ಕೋಬೇಡಿ. ಇದು ಮುಚ್ಚಿರೋ ಬಾಕ್ಸಿನ ಸೌಂಡು” ಎಂದ. ತೂತು ಕೊರೆದವನು ನೀನೇ ಅಲ್ಲವೇನೋ ಎಂದೆ. ಅವನು ಇಳಿದು ಹೋಗಿ, ಡಿಕ್ಕಿ ತೆಗೆದು, ತೂತಿನೊಳಗೆ ಮೊಬೈಲಿನ ಬೆಳಕು ಬಿಟ್ಟ. ಆಮೇಲೆ ಮೊಣಕೈವರೆಗೂ ಕೈ ಹಾಕಿ, ಹಸುವಿಗೆ ಹೆರಿಗೆ ಮಾಡಿಸುವವನ ಹಾಗೆ ನಿಧಾನವಾಗಿ ಎಳೆದ.

ಮೊದಲು ಬಂದದ್ದು ಹೊಸ ಕಂದು ರವಿಕೆ ಕಣದ ತುದಿ. ಅದರ ಹಿಂದೆ, ಅದೇ ಬಟ್ಟೆಯಲ್ಲಿ ಸಾಲಾಗಿ ಸುತ್ತಿದ ಒಂದು, ಎರಡು, ಮೂರು, ನಾಲ್ಕು, ಐದು ಕೊಬ್ಬರಿ ಗಿಟುಕು. ಕೊನೆಯಲ್ಲಿ ಕಾಗದದಲ್ಲಿ ಮಡಿಸಿದ ಅರಿಶಿನ ಕುಂಕುಮ. ಒಂದೊಂದು ಗಿಟುಕಿನ ಮೇಲೂ ದೊಡ್ಡಮ್ಮನ ಬೆರಳಿನ ಅಗಲದ ಅರಿಶಿನದ ಗುರುತಿತ್ತು. ಮೇಲೂ ಬೇಡ, ಪಕ್ಕವೂ ಬೇಡ ಎಂದವನು ನಾನು. ಅವಳು ಒಳಗೆ ಇಟ್ಟಿದ್ದಳು. ಆ ಜೀವ ಕಿಟಕಿಗೆ ಬಗ್ಗಿ, ಕೈ ತೋರಿಸಿ, ಬಾಯಿಬಿಟ್ಟು ಹೇಳಿದ್ದಕ್ಕೆ ಮೂರು ಸಲ ತಲೆಯಾಡಿಸಿ ಬಂದಿದ್ದೆ. ಅದಕ್ಕಾಗಿ, ಕೊಬ್ಬರಿ ಬರಲಿಲ್ಲವೆಂದು ಒಬ್ಬಳು, ತಲುಪಿತೆಂಬ ಮಾತು ಬರಲಿಲ್ಲವೆಂದು ಇನ್ನೊಬ್ಬಳು, ಎರಡು ವಾರದಿಂದ ಇಬ್ಬರು ಹೆಂಗಸರು ಎರಡು ಊರುಗಳಲ್ಲಿ ಅಳುತ್ತಿದ್ದರು, ನಾನು ಮಧ್ಯದಲ್ಲಿ ಹಾಡು ಕೇಳುತ್ತಿದ್ದೆ.

ಮಂಜುನಾಥ ನಗಲಿಲ್ಲ. ಗಿಟುಕುಗಳನ್ನು ಒರೆಸಿ, ಮತ್ತೆ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟ. “ಹೋದ ತಿಂಗಳು ಒಬ್ರ ಬಾಕ್ಸಲ್ಲಿ ಹುಣಸೆಹಣ್ಣು ಸಿಕ್ತು ಸಾರ್. ಇನ್ನೊಬ್ರದ್ರಲ್ಲಿ ವೀಳ್ಯದೆಲೆ. ನಮ್ ಜನ ತೂತ ಸುಮ್ನೆ ಬಿಡಲ್ಲ. ಅದನ್ನೇ ಅವತ್ತು ಹೇಳಕ್ಕೆ ಬಂದೆ” ಎಂದ. ಪೂರ್ತಿ ಹೇಳೋಕೇನಾಗಿತ್ತೋ ಎಂದು ರೇಗಿದೆ. “ನೀವು ರೆಸೊನೆನ್ಸ್ ಕೇಳ್ಬಿಟ್ರಲ್ಲ ಸಾರ್” ಎಂದ.

ಮರುದಿನ ಬೆಳಿಗ್ಗೆ ಗಿರಿಜಳನ್ನು ಕೂರಿಸಿಕೊಂಡು ನೇರವಾಗಿ ಗುಬ್ಬಿಗೆ ಹೋದೆ. ಜಗುಲಿಯ ಮೇಲೆ ಕೂತಿದ್ದ ದೊಡ್ಡಮ್ಮನ ಮುಂದೆ ಗಂಟು ಇಟ್ಟು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಗಂಟು ನೋಡಿದಳು, ನನ್ನನ್ನು ನೋಡಿದಳು. “ಅಂಗಾದ್ರೆ ಅವ್ಳಿಗೆ ಮುಟ್ಟೇ ಇಲ್ವಾ? ನನ್ನ ಕೂಸು ಏನಂದ್ಕೊಂಡಿದ್ದಾತು!” ಎಂದು ಎದ್ದೇಬಿಟ್ಟಳು. ಮಂಡಿಯ ಸುದ್ದಿ ಎತ್ತಲಿಲ್ಲ. ಐದು ನಿಮಿಷದಲ್ಲಿ ಸೀರೆ ಬದಲಾಯಿಸಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಈ ಸಲ ಅದನ್ನು ಯಾರ ಕೈಗೂ ಕೊಡಲಿಲ್ಲ. ಕುಣಿಗಲ್ಲಿನಲ್ಲಿ ಬಾಗಿಲು ತೆಗೆದ ಅಕ್ಕ ಮೊದಲು ಮುಖ ತಿರುಗಿಸಿದಳು. ನಾನು ಹೊಸ್ತಿಲಲ್ಲೇ ನಿಂತು, ಅಡ್ಡ ವಿವರಣೆ ಒಂದೂ ಇಲ್ಲದೆ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಕ್ಕ ಅಳುತ್ತ ಅಳುತ್ತಲೇ ನಗತೊಡಗಿದಳು. “ನಂದೇ ತಪ್ಪು ಬುಡು. ಗಂಡ್ಸ್ರ ಕೈಲಿ ಕೊಬ್ಬರಿ ಕಳಿಸಿದ್ನಲ್ಲ” ಎಂದು ದೊಡ್ಡಮ್ಮ ಅವಳ ತಲೆ ಸವರಿದಳು. ಇಬ್ಬರೂ ಒಳಗೆ ಹೋಗಿ ಗಂಟನ್ನು ದೇವರ ಮುಂದೆ ಇಟ್ಟರು. ನನಗೆ ಒಳಗೆ ಬಾ ಎಂದು ಹೇಳುವುದನ್ನು ಇಬ್ಬರೂ ಮರೆತರು.

ಭಾನುವಾರ ನಿಶ್ಚಿತಾರ್ಥ ಚೆನ್ನಾಗಿಯೇ ನಡೆಯಿತು. ತವರಿನ ಕೊಬ್ಬರಿಯನ್ನು ಅಕ್ಕ ಬೀಗರಿಗೆ ಎರಡೆರಡು ಸಲ ತೋರಿಸಿದಳು. ಊಟವಾದ ಮೇಲೆ ದೊಡ್ಡಮ್ಮ ಗಂಡಿನ ಸೋದರಮಾವನನ್ನು ಕಾರಿನ ಹತ್ತಿರ ಕರೆತಂದಳು. ಆತ ಭಾರಿ ಆಳು, ಬಿಳಿ ಪಂಚೆ, ಕೊಬ್ಬರಿ ವ್ಯಾಪಾರಿ. “ನಮ್ಮ ಹುಡುಗ ಕಾರಲ್ಲೇ ಕೊಬ್ಬರಿ ಇಡಾಕೆ ಪೆಟ್ಟಿಗೆ ಮಾಡ್ಸವ್ನೆ ನೋಡಿ. ಮೂರು ವಾರ ಇದ್ರೂ ಒಂದು ಚೂರು ಬೂಷ್ಟು ಹಿಡ್ದಿಲ್ಲ” ಎಂದಳು. ಆತ ಪಂಚೆ ಎತ್ತಿ ಕಟ್ಟಿ, ತೂತಿನೊಳಗೆ ಕೈ ಹಾಕಿ, ಅಗಲ ನೋಡಿ, ಪೆಟ್ಟಿಗೆಯ ಬೆನ್ನು ತಟ್ಟಿ, “ಭಾಳ ಚೆನ್ನಾಗೈತೆ ಸ್ವಾಮಿ. ಯಾರು ಮಾಡಿದ್ದು?” ಎಂದ. ಅಳತೆಯೆಲ್ಲ ನನ್ನದೇ ಎಂದೆ, ಅದನ್ನಾದರೂ ಹೇಳಿಕೊಳ್ಳಬೇಡವೇ? “ಎಲ್ಲಾ ಸರಿ. ಈ ತೂತಿಗೊಂದು ಮುಚ್ಚಳ ಹಾಕ್ಸಿದ್ರೆ ಇನ್ನೂ ಚೆನ್ನಾಗಿರ್ತದೆ. ಇಲಿ ಹೋಗಲ್ಲ” ಎಂದ ಆತ.

ಬಾಟಲಿಯ ಬಾಯಿ, ಗಾಳಿಯ ಓಡಾಟ, ನಾಲ್ಕಿಂಚು, ಒಂದು ಮೊಳ, ಎಲ್ಲವೂ ನನ್ನ ಗಂಟಲವರೆಗೆ ಬಂದು ನಿಂತವು. ಜಗುಲಿಯ ಮೇಲೆ ಅಕ್ಕ, ದೊಡ್ಡಮ್ಮನಿಗೆ ಎಲೆ ಅಡಿಕೆ ಮಡಿಸಿಕೊಡುತ್ತ, ಈಗ ಇವನು ಏನು ಶುರು ಮಾಡುತ್ತಾನೋ ಎಂದು ನನ್ನನ್ನೇ ನೋಡುತ್ತಿದ್ದಳು. ನಾನು ಡಿಕ್ಕಿ ಮುಚ್ಚಿ, “ನೀವು ಹೇಳೋದು ಸರಿ. ಹಾಕಿಸ್ತೀನಿ” ಎಂದೆ.

ಪಕ್ಕದಲ್ಲಿದ್ದ ಗಿರಿಜ ಬೆಚ್ಚಿ ನನ್ನ ಕಡೆ ತಿರುಗಿದಳು. ವಾಪಸು ಬರುವಾಗ ತುಮಕೂರು ಮುಟ್ಟುವ ತನಕ ಅವಳು ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು. ಮನೆಯ ಮುಂದೆ ಕಾರು ನಿಲ್ಲಿಸಿ, ಏನಾಯಿತೇ ಎಂದು ಕೇಳಿದೆ. “ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಿಂದ ‘ನೀನು ಹೇಳೋದು ಸರಿ’ ಅನ್ನೋ ಮಾತ ನನಗೆ ಒಂದ್ಸಲ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ. ಯಾರೋ ಕೊಬ್ಬರಿ ಮಾರೋರಿಗೆ ಹೇಳಿಬಿಟ್ರಲ್ಲ!” ಎಂದು ಬಾಗಿಲು ದಡಾರನೆ ಹಾಕಿಕೊಂಡು ಒಳಗೆ ಹೋದಳು. ಅವಳು ಹೇಳಿದ್ದು ಸರಿಯೇ. ಆದರೆ ಈಗ ಹಾಗೆಂದು ಹೇಳಿದರೆ, ಎರಡನೆಯ ಸಲದ್ದು ತನಗೆ ಬೇಡ ಎನ್ನುತ್ತಾಳೆ.